ಹಗ್ಗ ದಾಟಿದ ಅತ್ತೆ

ನನ್ನ ಸೋದರತ್ತೆಯನ್ನು ಮನೆಗೆ ಕರೆಯುವುದಾದರೆ ಅಡುಗೆಮನೆಗೆ ಬೀಗ ಹಾಕಿಯೇ ಕರೆಯಿರಿ! ಕಳ್ಳತನದ ಭಯವಲ್ಲ, ಕುತೂಹಲದ ಭಯ. ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟವರು ನೆಟ್ಟಗೆ ಒಲೆಯ ಹತ್ತಿರ ಹೋಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡುತ್ತಾರೆ. ನನಗೆ ಹೆಣ್ಣು ನೋಡಲು ಹೋದಾಗಲೂ ಅಷ್ಟೇ. ಹುಡುಗಿಗಿಂತ ಮೊದಲು ಹುಳಿಯನ್ನು ನೋಡಿ ಒಪ್ಪಿದರು. ಮದುವೆಯಾಗಿದ್ದು ಮಾತ್ರ ಹುಡುಗಿಯ ಜೊತೆಗೇ!

ಕಳೆದ ಭಾನುವಾರ ಕುಶಾಲನಗರದಿಂದ ಇಡೀ ಸಂಸಾರ ಹೊರಟೆವು. ದುಬಾರೆಯಲ್ಲಿ ಆನೆ ತೊಳೆಯುತ್ತಿದ್ದ ಮಾವುತನಿಗೆ, ಕಿವಿಯ ಹಿಂದೆ ಸರಿಯಾಗಿ ಉಜ್ಜಿಲ್ಲವೆಂದು ಅತ್ತೆ ಹೇಳಿದರು. ಪಾಪ, ಅವನು ಮತ್ತೊಮ್ಮೆ ಉಜ್ಜಿದ.

ಅಲ್ಲಿಂದ ಪೊನ್ನಂಪೇಟೆ ಕಡೆ ಹೊಸದಾಗಿ ಕಟ್ಟಿರುವ ‘ಹಳೇ ಕಾಲದ ಊರು’ ನೋಡಲು ಹೋದೆವು. ಅಲ್ಲಿ ಹಿಂದಿನವರಂತೆ ಉಡುಪು ತೊಟ್ಟ ಕೆಲಸಗಾರರು ಭತ್ತ ಕುಟ್ಟುತ್ತಾರೆ, ಬುಟ್ಟಿ ಹೆಣೆಯುತ್ತಾರೆ. ಎಲ್ಲೆಲ್ಲೂ ‘ಮುಟ್ಟಬೇಡಿ’ ಎಂಬ ಬೋರ್ಡು. ಅತ್ತೆಗೆ ಓದಲು ಬರುತ್ತದೆ, ಏನು ಪ್ರಯೋಜನ?

ಒಂದು ಅಡುಗೆಮನೆಯಲ್ಲಿ ಮನೆಯೊಡತಿಯ ವೇಷದ ಹೆಂಗಸು ಬೆಂಕಿಯಿಲ್ಲದ ಒಲೆಯ ಮುಂದೆ ಕೂತು ಸೌಟು ಆಡಿಸುತ್ತಿದ್ದಳು. ಅತ್ತೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಮುಚ್ಚಳ ಎತ್ತಿದರು. ಖಾಲಿ. ಇನ್ನೊಂದೂ ಖಾಲಿ. ಏಳು ಮಡಕೆಗಳಲ್ಲಿ ಒಂದು ಅಗುಳೂ ಇಲ್ಲ! ನಾವು ನಕ್ಕೆವು. ಅತ್ತೆ ನಗಲಿಲ್ಲ.

“ನೀನೇನ್ ಉಂಡೆ?” ಎಂದು ಅವಳನ್ನು ಕೇಳಿದರು.

ಬೆಳಿಗ್ಗೆ ಕಾಫಿ ಕುಡಿದದ್ದಷ್ಟೇ ಎಂದಳು. ಜನ ಇರುವಾಗ ಏಳುವಂತಿಲ್ಲ, ಎದ್ದರೆ ಕೆಲಸ ಹೋಗುತ್ತದಂತೆ. ಆಗ ಎರಡು ಗಂಟೆ.

“ಏಳ್ಬೇಡ ಬಿಡು. ಕೂತ್ಕಂಡೇ ಉಣ್ಣು.”

ಪ್ರದರ್ಶನಕ್ಕೆಂದು ಹಾಸಿದ್ದ ಬಾಳೆಎಲೆಯನ್ನು ಅವಳ ಮುಂದೆಳೆದು, ಸೆರಗು ಸಿಕ್ಕಿಸಿ, ನಮ್ಮ ಬುತ್ತಿಯ ಅಕ್ಕಿ ರೊಟ್ಟಿ, ಎಣ್ಣೆಗಾಯಿ ಬಡಿಸತೊಡಗಿದರು. ನಮ್ಮ ಮಧ್ಯಾಹ್ನದ ಊಟ ಕಣ್ಣೆದುರೇ ಕರಗಿತು! ಇದೂ ಪ್ರದರ್ಶನವೆಂದುಕೊಂಡ ಜನ ಮುಗಿಬಿದ್ದು ಮೊಬೈಲ್ ಹಿಡಿದರು. ಅವಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು: ಬಾಗಿಲಲ್ಲಿ ಸೂಪರ್‌ವೈಸರ್ ನಿಂತಿದ್ದ.

ಜನಜಂಗುಳಿ ನೋಡಿ ಅವನಿಗೆ ಖುಷಿಯೇ ಆಗಿತ್ತು. ಇದನ್ನು ದಿನಾ ಮಾಡಿಸಬಹುದೆಂಬ ಲೆಕ್ಕಾಚಾರದಲ್ಲಿ, ಮನೆಯೊಡತಿಯನ್ನು ಕೂರಿಸಿ ಬಡಿಸುವ ಈ ಪದ್ಧತಿ ಯಾವ ಕಾಲದ್ದೆಂದು ಅತ್ತೆಯನ್ನು ಕೇಳಿದ.

ಅತ್ತೆ ತಲೆಯೆತ್ತಲಿಲ್ಲ. “ಯಾವ ಕಾಲದಲ್ಲೂ ಇರ್ಲಿಲ್ಲ ಕಣಪ್ಪ. ನಮ್ಮವ್ವಂಗೆ ಒಂದಿನಾನೂ ಯಾರೂ ಹಿಂಗೆ ಕೂರ್ಸಿ ಬಡಿಸ್ಲಿಲ್ಲ. ನಾನೂ ಬಡಿಸ್ಲಿಲ್ಲ.”

ಅತ್ತೆ ಇನ್ನೊಂದು ರೊಟ್ಟಿಯನ್ನು ಎಲೆಗೆ ಹಾಕಿ, ಅವಳು ಅದನ್ನು ಮುರಿಯುವವರೆಗೂ ಕಾದು ಕೂತರು.