ಯಜಮಾನರ ರೇಸ್ ಕಾರಿಗೆ ಮದರ್‌ಬೋರ್ಡ್

ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಹೇಳಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದರು. ಉಳಿದವರಿಗೆ ಅದನ್ನು ಯಾರೂ ಕಲಿಸಿಲ್ಲವೆಂಬುದು ನಾನು ಅಂಗಡಿಯ ಮೆಟ್ಟಿಲು ಹತ್ತಿದಾಗಲೆಲ್ಲ ಗೊತ್ತಾಗುತ್ತಲೇ ಇರುತ್ತದೆ. ಆದರೆ ಒಂದು ಮದರ್‌ಬೋರ್ಡ್ ಕೊಳ್ಳಲು ಹೊರಟಾಗ ಗೊತ್ತಾದಷ್ಟು ಹಿಂದೆಂದೂ ಆಗಿರಲಿಲ್ಲ.

ನಮ್ಮ ಯಜಮಾನರು ಪಶುವೈದ್ಯ ಇಲಾಖೆಯಿಂದ ನಿವೃತ್ತರಾದವರು. ಆಮೇಲೆ ಅವರಿಗೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಹುಚ್ಚು ಹಿಡಿಯಿತು. ಮೊಳಕಾಲ್ಮೂರಿನಲ್ಲಿರುವ ನನ್ನ ತಮ್ಮನಿಗೂ ಅದೇ ಹುಚ್ಚು. ಇಬ್ಬರೂ ಆಡಿದಾಗಲೆಲ್ಲ ಸೋಲುವವರು ಇವರೇ. ಒಂದು ಸಲ ತಮ್ಮ, "ಭಾವ, ನೀವು ಎತ್ತಿನಗಾಡಿ ಗೇಮ್ ಇದ್ರೆ ನೋಡ್ರಿ" ಅಂದುಬಿಟ್ಟ.

"ನಿನ್ನ ಸೋಲಿಸೋವರೆಗೂ ನಿನ್ನ ಮನೆ ಗೃಹಪ್ರವೇಶಕ್ಕೆ ಕಾಲಿಡಲ್ಲ ಕಣಲೇ!" ಎಂದು ಇವರು ಶಪಥ ಮಾಡಿದರು.

ತವರಿನ ಸಮಾರಂಭಕ್ಕೆ ನಾನು ಗಂಡನಿಲ್ಲದೆ ಹೋಗಬೇಕೆ? ಬಂದವರು ಕಾರಣ ಕೇಳಿದರೆ ಕಾರ್ ರೇಸ್ ಎನ್ನಬೇಕೆ?

"ತಪ್ಪು ನಂದಲ್ಲ ಕಣೇ, ಕಂಪ್ಯೂಟರ್‌ದು. ಗಾಡಿ ಮುಂದಕ್ಕೆ ಹೋಗೋದೇ ಇಲ್ಲ" ಎಂದು ಇವರು ಹೊಸ ಗ್ರಾಫಿಕ್ಸ್ ಕಾರ್ಡ್ ತಂದರು. ಅದು ಹಳೆಯ ಬೋರ್ಡಿನಲ್ಲಿ ಕೂರಲಿಲ್ಲ. ಹೊಸ ಕಾರ್ಡಿಗೆ ಜಾಗವಿರುವ, ಮನೆಯಲ್ಲಿರುವ ಪ್ರೊಸೆಸರ್ ಮತ್ತು ಮೆಮೊರಿಗೂ ಹೊಂದುವ ಬೋರ್ಡ್ ಬೇಕಾಗಿತ್ತು. ಇವರನ್ನು ಕಳಿಸಿದರೆ ಮತ್ತೊಂದು ಅವಾಂತರ ತರುತ್ತಾರೆಂದು ನಾನೇ ಹೊರಟೆ.

ಅಡ್ಜಸ್ಟ್ ಆಗ್ತೈತೆ

ನಮ್ಮೂರು ಚಳ್ಳಕೆರೆಯ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ನಾನು ಮಾತು ಮುಗಿಸುವ ಮೊದಲೇ ಒಂದು ಡಬ್ಬ ಇಳಿಸಿದ.

"ಇದಕ್ಕೆ ನಮ್ಮ ಪ್ರೊಸೆಸರ್ ಕೂರುತ್ತದೆಯೇ?"

"ಅಡ್ಜಸ್ಟ್ ಆಗ್ತೈತೆ ಬಿಡ್ರಿ ಮೇಡಂ."

"ಮೆಮೊರಿ?"

"ಅದೂ ಅಡ್ಜಸ್ಟ್ ಆಗ್ತೈತೆ."

"ಪಿನ್ನುಗಳೇ ಬೇರೆಯಾದರೆ ಹೇಗಪ್ಪಾ ಅಡ್ಜಸ್ಟ್ ಆಗುತ್ತದೆ?"

"ಮದ್ವೆ ಆಗಿ ಬಂದ ಹೆಣ್ಮಕ್ಳು ಅಡ್ಜಸ್ಟ್ ಆಗಲ್ವಾ ಮೇಡಂ? ನಾಕು ದಿನ ಹೋದ್ರೆ ಎಲ್ಲಾ ಸರಿಹೋಗ್ತೈತೆ."

"ನೋಡಪ್ಪ," ಎಂದೆ, "ಈ ಊರಿಗೆ ಸೊಸೆಯಾಗಿ ಬಂದು ನನ್ನ ತಲೆ ನರೆಯಿತು. ನಾನೇ ಇನ್ನೂ ಅಡ್ಜಸ್ಟ್ ಆಗಿಲ್ಲ. ನಿನ್ನ ಬೋರ್ಡ್ ಆಗುತ್ತದೆಯೇ?"

ಮ್ಯಾಚಿಂಗ್

ಮೊಳಕಾಲ್ಮೂರಿನಲ್ಲಿ ಗುರುತಿನವರ ಅಂಗಡಿ ಇದೆ ಎಂದು ತಮ್ಮ ಹೇಳಿದ. ಹೋದೆ. ಅಂಗಡಿಯವನು ಮೊದಲು ರೇಷ್ಮೆ ಸೀರೆ ಮಾರುತ್ತಿದ್ದವನು. ಸರಕು ಬದಲಾಗಿತ್ತು, ಅಭ್ಯಾಸ ಬದಲಾಗಿರಲಿಲ್ಲ. ಚಪ್ಪಲಿ ಬಿಡಿಸಿ ಬಿಳಿ ಹಾಸಿಗೆಯ ಮೇಲೆ ಕೂರಿಸಿ, ನೀರು ಕೊಟ್ಟು, ಬೋರ್ಡುಗಳನ್ನು ಒಂದೊಂದಾಗಿ ಮುಂದೆ ಹರಡಿದ.

"ಇದು ಹಸಿರು. ಇದು ನೀಲಿ. ಇದು ನೋಡ್ರಕ್ಕಾ, ಕೆಂಪು. ಚಾಲಾ ಬಾಗುಂದಿ, ಭಾಳ ಚೆನ್ನಾಗೈತೆ! ಈ ಪೀಸು ಇಡೀ ಊರಲ್ಲಿ ಇನ್ನೊಬ್ರತ್ರ ಇಲ್ಲ."

"ನಾನು ಬಣ್ಣ ಕೇಳಲಿಲ್ಲ. ಯಾವ ಪ್ರೊಸೆಸರಿಗೆ ಹೊಂದುತ್ತದೆ ಎಂದು ಕೇಳಿದೆ."

"ನಿಮ್ಮ ಕ್ಯಾಬಿನೆಟ್ ಯಾವ ಕಲರ್ ಹೇಳ್ರಿ, ಮ್ಯಾಚಿಂಗ್ ಕೊಡ್ತೀನಿ."

ನನಗೆ ರೇಗಿತು. "ಅಲ್ಲಯ್ಯಾ, ಡಬ್ಬದ ಒಳಗೆ ಹೋಗಿ ಕೂರುವ ವಸ್ತು. ಮುಚ್ಚಳ ಹಾಕಿದ ಮೇಲೆ ಯಾರಿಗೆ ಕಾಣುತ್ತದೆ?"

ಅವನು ಸ್ವಲ್ಪವೂ ಅಳುಕದೆ ಹೇಳಿದ: "ಸೀರೆ ಒಳಗಿನ ಲಂಗ ಯಾರಿಗೆ ಕಾಣ್ತೈತಕ್ಕಾ? ಆದ್ರೂ ಮ್ಯಾಚಿಂಗೇ ಬೇಕಂತ ಜೀವ ತಿನ್ನಲ್ವಾ?"

ಎದ್ದು ಬಂದೆ. ಮನೆಯಲ್ಲಿ ಎಲ್ಲವನ್ನೂ ಕೇಳಿದ ಯಜಮಾನರು ನಿಟ್ಟುಸಿರು ಬಿಟ್ಟು, "ಕೆಂಪಿಂದೇ ತರಬೇಕಿತ್ತು ಕಣೇ" ಎಂದರು.

ಗ್ಯಾರಂಟಿ

ಕೊನೆಗೆ ಹಳೆಯ ಬೋರ್ಡು, ಪ್ರೊಸೆಸರು, ಮೆಮೊರಿ, ಹೊಸ ಕಾರ್ಡು ಎಲ್ಲವನ್ನೂ ಬಿಚ್ಚಿಸಿ, ಬ್ಯಾಗಿಗೆ ಹಾಕಿಕೊಂಡು ಚಿತ್ರದುರ್ಗಕ್ಕೆ ಹೋದೆ. ಒಂದೊಂದನ್ನೂ ನನ್ನ ಕಣ್ಣೆದುರಿಗೇ ಕೂರಿಸಿ ನೋಡಿ, ಸರಿಯಾದ ಬೋರ್ಡ್ ತಂದೆ. ಅದನ್ನು ಜೋಡಿಸಲು ಬಂದ ರಿಪೇರಿಯವನು ಮೊದಲು ಕೇಳಿದ್ದು ಸ್ಕ್ರೂಡ್ರೈವರ್ ಅಲ್ಲ, ಊದಿನಕಡ್ಡಿ. ಹಚ್ಚಿ, ತೆರೆದ ಕ್ಯಾಬಿನೆಟ್ಟಿನ ಸುತ್ತ ಬೆಳಗತೊಡಗಿದ. ಬೂದಿ ನೇರ ಹೊಸ ಬೋರ್ಡಿನ ಮೇಲೆ!

"ಏನಯ್ಯಾ ಮಾಡುತ್ತಿದ್ದೀಯ?" ಎಂದು ಕೂಗಿದೆ.

"ಪೂಜೆ ಮಾಡ್ದೇ ಕರೆಂಟ್ ಕೊಟ್ರೆ ಗ್ಯಾರಂಟಿ ಇಲ್ರೀ."

"ಪೂಜೆ ಮಾಡಿದರೆ ಗ್ಯಾರಂಟಿ ಎಷ್ಟು ವರ್ಷ?"

ಬೂದಿಯನ್ನು ಉಫ್ ಎಂದು ಊದಿ ಹೇಳಿದ: "ಅದು ಕಂಪನಿಯೋರನ್ನ ಕೇಳ್ಬೇಕ್ರಿ."

ರೇಸ್

ಕಂಪ್ಯೂಟರ್ ಸರಿಯಾಗಿಯೇ ಓಡಿತು. ಎರಡು ದಿನ ಬಿಟ್ಟು ತಮ್ಮ ಗೃಹಪ್ರವೇಶಕ್ಕೆ ಕರೆಯಲು ಬಂದ. ನನಗೆ ಕುಂಕುಮ ಕೊಟ್ಟು, ಭಾವನ ಕಡೆ ತಿರುಗಿದ. ಇವರು ಕಂಪ್ಯೂಟರ್ ಕಡೆ ಕೈ ತೋರಿಸಿದರು. ಗೇಮ್ ಎಂದರೆ ಆ ಕೋಣೆಗೇ ಕಾಲಿಡದ ನಾನು ಅಂದು ಮೊದಲ ಸಲ ಪಕ್ಕದಲ್ಲಿ ನಿಂತೆ.

ತಮ್ಮನ ಕಾರು ಬಾಣದಂತೆ ಹೋಯಿತು. ಇವರ ಕಾರು ರಸ್ತೆಯ ಎಡಬದಿಗೆ ಅಂಟಿಕೊಂಡು, ಮದುವೆಯ ಮೆರವಣಿಗೆಯಂತೆ ಹೊರಟಿತು. ಪ್ರತಿ ತಿರುವಿನಲ್ಲೂ ಬ್ರೇಕು. ತಮ್ಮ ಗುರಿ ಮುಟ್ಟಿ, ಕಾಫಿ ಕುಡಿದು, ಲೋಟ ಕೆಳಗಿಟ್ಟ. ಇವರಿನ್ನೂ ಅರ್ಧ ದಾರಿಯಲ್ಲಿದ್ದರು.

"ಜೋರಾಗಿ ಓಡಿಸಿ!" ಎಂದೆ.

"ತಿರುವಿನಾಗೆ ಏನೂ ಕಾಣಲ್ಲ. ದನ ಅಡ್ಡ ಬಂದ್ರೆ?"

"ಇದು ರೇಸು! ಇಲ್ಲಿ ದನ ಎಲ್ಲಿಂದ ಬರುತ್ತದೆ?"

"ಉಳ್ಳಾರ್ತಿ ಕಾವಲ್ ರಸ್ತೆಯಾಗೆ ಓಡಾಡಿದೋನು ನಾನು. ಗುದ್ದಿಸಿಕೊಂಡ ದನಕ್ಕೆ ಹೊಲಿಗೆ ಹಾಕಿ ಹಾಕಿ ಸಾಕಾಗೈತೆ. ಅವೇನು ಹೇಳಿ ಬರ್ತಾವಾ?"

ನನ್ನ ತಮ್ಮ ಕಾನ್ವೆಂಟಿಗೆ ಹೋಗದಿದ್ದರೂ ಸಮಯ ತಿಳಿದವನು. ಕೂಡಲೇ ಕೈ ಮುಗಿದ. "ಭಾವ, ನಾನು ದಾರೀಲಿ ಅದೆಷ್ಟು ದನದ ಮ್ಯಾಲೆ ಹತ್ತಿಸಿದೆನೋ ಏನೋ. ಗೆದ್ದೋರು ನೀವೇ. ಗೃಹಪ್ರವೇಶಕ್ಕೆ ಬರ್ರಿ."

"ಹಂಗನ್ನು!" ಎಂದು ಇವರು ಮೀಸೆ ತಿರುವಿದರು. ಬರಲು ಒಪ್ಪಿದರು.

ನನ್ನ ಮೈ ಉರಿಯುತ್ತಿತ್ತು. "ಒಂದು ಮಾತು ಹೇಳಿ," ಎಂದೆ. "ಹಳೆಯ ಬೋರ್ಡಿನಲ್ಲಿ ಎಷ್ಟು ಜೋರಾಗಿ ಓಡಿಸುತ್ತಿದ್ದಿರಿ?"

"ಇಷ್ಟೇ."

"ಮತ್ತೆ ನಾನು ಊರೂರು ಅಲೆದು ಈ ಹೊಸ ಬೋರ್ಡ್ ತಂದದ್ದು ಏತಕ್ಕೆ?"

"ಹಂಗ್ಯಾಕಂತೀಯ? ಭಾಳ ಉಪಯೋಗ ಆಗೈತೆ" ಎಂದು ಇವರು ನೆಮ್ಮದಿಯಿಂದ ಇನ್ನೊಂದು ತಿರುವಿಗೆ ಬ್ರೇಕ್ ಹಾಕಿದರು. "ಈಗ ದನ ಬಂದ್ರೆ ದೂರದಿಂದ್ಲೇ ಕಾಣ್ತೈತೆ."