ಅಯ್ಯೋ ಅನ್ನಬಾರದ ದಿನ

ಟೈಲರಜ್ಜನಿಗೆ "ಅಯ್ಯೋ" ಎನ್ನುವುದು ಉಸಿರಾಟವಿದ್ದ ಹಾಗೆ. ಸೂಜಿಗೆ ದಾರ ಹೋಗದಿದ್ದರೂ ಅಯ್ಯೋ, ಹೋದರೂ ಅಯ್ಯೋ. ಒಂಟಿಯಾಗಿರುವ ಅಪ್ಪನ ಕ್ಷೇಮಕ್ಕೆಂದು ಮಗಳು ಗೋಡೆಗೊಂದು ಮಾತಾಡುವ ಡಬ್ಬಿ ಹಾಕಿಸಿದ ಮೇಲೆ ಈ ಅಭ್ಯಾಸವೇ ಮುಳುವಾಯಿತು. ಅಯ್ಯೋ ಎಂಬ ಸದ್ದು ಕಿವಿಗೆ ಬಿದ್ದೊಡನೆ ಡಬ್ಬಿ ಮಗಳಿಗೂ ಎದುರುಮನೆಯ ಇನ್ಶೂರೆನ್ಸ್ ಏಜೆಂಟರಿಗೂ ಫೋನ್ ಮಾಡುತ್ತಿತ್ತು. ಏಜೆಂಟರು ಮುಖ ಜೋಲು ಹಾಕಿಕೊಂಡೇ ಓಡಿಬರುವರು. ಅಜ್ಜ ನೆಟ್ಟಗೆ ಓಡಾಡುವುದನ್ನು ಕಂಡು ಅವರಿಗೆ ಕೊಂಚ ನಿರಾಸೆಯೂ ಆಗುತ್ತಿತ್ತು.

ಆ ದಿನ ಬೆಳಿಗ್ಗೆ ಹಾಲು ಉಕ್ಕಿತು, ಅಯ್ಯೋ ಹೊರಬಿತ್ತು, ಮಗಳು ಆಫೀಸು ಬಿಟ್ಟು ಏದುಸಿರು ಬಿಡುತ್ತ ಬಂದಳು.

"ಇನ್ನೊಂದ್ಸಲ ಹೀಗಾದ್ರೆ ನಮ್ಮನೆಗೆ ಬಂದ್ಬಿಡಪ್ಪ. ಅತ್ತೆ ರೂಮಲ್ಲೇ ಇರೋವಂತೆ."

ಅವಳು ಅತ್ತೆ ಎಂದದ್ದು ಅಜ್ಜನ ಸ್ವಂತ ಅಕ್ಕನನ್ನು. ಎಪ್ಪತ್ತು ದಾಟಿದ ತಮ್ಮನಿಗೆ ಇವತ್ತಿಗೂ "ಕಿವಿ ಹಿಂದೆ ಉಜ್ಕೊಂಡ್ಯಾ?" ಎಂದು ಕೇಳುವ ಹೆಂಗಸು. ಅಜ್ಜನ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು.

ಮಗಳು ಹೋದದ್ದೇ ತಡ, ಅಜ್ಜ ಹರಿದ ಕಡೆ ತೇಪೆ ಹಾಕುವಂತೆ ಅಯ್ಯೋ ಇದ್ದ ಜಾಗದಲ್ಲಿ "ಭೇಷ್" ಎಂಬ ಮಾತನ್ನು ಕೂರಿಸಿದ. ಕಾಲಿನ ಬೆರಳು ಹೊಸ್ತಿಲಿಗೆ ಎಡವಿತು: ಭೇಷ್. ನಲ್ಲಿ ಕೈಗೇ ಕಿತ್ತುಬಂದು ಮೈಯೆಲ್ಲ ತೊಯ್ದು ತೊಪ್ಪೆಯಾಯಿತು: ಭೇಷ್ ಭೇಷ್.

"ನೀವು ಸಂತೋಷವಾಗಿದ್ದೀರಿ. ಮಗಳಿಗೆ ತಿಳಿಸುತ್ತೇನೆ," ಎಂದಿತು ಡಬ್ಬಿ.

ಗೆದ್ದೆನೆಂಬ ಹುರುಪಿನಲ್ಲಿ ಅಜ್ಜ ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಮೈ ಚಾಚಿದ. ಅದರ ಬಟ್ಟೆ ಅವನೇ ಹೊಲಿದದ್ದು. ಹೊಲಿಗೆ ಪರ್ ಎಂದು ಬಿಟ್ಟಿತು, ಸೊಂಟ ನೆಲ ಸೇರಿತು, ಮಂಡಿ ಗಲ್ಲಕ್ಕೆ ಬಂದು ತಾಗಿತು. ಏಳಲು ನೋಡಿದಷ್ಟೂ ಚೌಕಟ್ಟು ಬಿಗಿಯಿತು. ಒಂದು ಅಯ್ಯೋ ಅಂದರೆ ಬಿಡುಗಡೆ. ಆದರೆ ಹಾಗಂದರೆ ಅಕ್ಕನ ರೂಮೇ ಗತಿ. ಅಕ್ಕನಿಗಿಂತ ಸೊಂಟನೋವೇ ವಾಸಿ ಎಂದು ಹಲ್ಲು ಕಚ್ಚಿಕೊಂಡು ಭೇಷ್ ಭೇಷ್ ಎಂದು ನರಳಿದ.

ಬಾಗಿಲಾಚೆ ಏಜೆಂಟರು ನಿಂತು, "ಏನಜ್ಜ, ಮ್ಯಾಚ್ ನೋಡ್ತಿದೀರಾ? ಯಾರು ಗೆಲ್ತಿದಾರೆ?" ಎಂದರು. ಅವರನ್ನು ಒಳಗೆ ಕರೆದರೆ ಸುದ್ದಿ ಆ ಕ್ಷಣವೇ ಮಗಳಿಗೆ ಮುಟ್ಟುತ್ತದೆ. ಅಜ್ಜ ಮತ್ತೊಂದು ಭೇಷ್ ಅಂದ. ಅವರು ಹೊರಟುಹೋದರು.

ಸಂಜೆಯ ಹೊತ್ತಿಗೆ ಕುರ್ಚಿಸಮೇತ ಪಕ್ಕಕ್ಕೆ ಉರುಳಿ ಹೇಗೋ ಹೊರಬಂದ. ಸೊಂಟ ಬಿಲ್ಲಾಗಿತ್ತು, ಮನೆ ಮಾತ್ರ ಉಳಿದಿತ್ತು. ಗೋಡೆ ಹಿಡಿದು ನಿಂತು ನಗುತ್ತಿದ್ದಾಗ ಬಾಗಿಲು ತೆರೆಯಿತು. ಕಣ್ಣು ತುಂಬಿಕೊಂಡ ಮಗಳು; ಅವಳ ಹಿಂದೆ ಟ್ರಂಕ್ ಹಿಡಿದ ಅಕ್ಕ.

"ಬೆಳಗ್ಗೆಯಿಂದ ಡಬ್ಬಿ ಒಂದೇ ಸಮ ಹೇಳ್ತಿದೆ, ನೀನು ಖುಷಿಯಾಗಿದೀಯ ಅಂತ. ಅತ್ತೆ ಅದನ್ನ ಕೇಳಿಸ್ಕೊಂಡು ಒಂದೇ ಹಟ, ಅಷ್ಟು ಸುಖ ಇರೋ ಮನೇಲಿ ನಾನೂ ಇರ್ತೀನಿ ಅಂತ. ಇನ್ಮೇಲೆ ನಿನ್ನ ಜೊತೆ ಇಲ್ಲೇ. ಏನಂತೀಯಪ್ಪ?"

ಅಕ್ಕ ಆಗಲೇ ತಮ್ಮನ ಕಿವಿ ಮಡಚಿ ಹಿಂದೆ ನೋಡುತ್ತಿದ್ದಳು. ಅಜ್ಜನ ಜೀವವೆಲ್ಲ ಒಂದಾಗಿ ಅಯ್ಯೋ ಎಂದು ಕೂಗಿಕೊಂಡಿತು. ಆದರೆ ನಾಲಿಗೆ ಇಡೀ ದಿನ ಪಳಗಿದ್ದು.

"ಭೇಷ್," ಎಂದುಬಿಟ್ಟ.