ಹೊಳೆಯ ನಡುವೆ ಒಂದು ಬಿಎಸ್ಸಿ

ಮನೆತನದಲ್ಲೇ ಮೊದಲು ಡಿಗ್ರಿ ಮಾಡಿದವರಿಗೆ ಒಂದು ಕಾಯಿಲೆ ಇರುತ್ತದೆ. ಕಂಡದ್ದನ್ನೆಲ್ಲ ವಿವರಿಸುವ ಕಾಯಿಲೆ. ನನಗದು ಸ್ವಲ್ಪ ಜೋರಾಗಿಯೇ ಇದೆ. ಹಾಲು ಯಾಕೆ ಉಕ್ಕುತ್ತದೆ ಎಂದು ಅಮ್ಮನಿಗೆ ವಿವರಿಸುತ್ತ ನಿಂತು ಎಷ್ಟು ಸಲ ಹಾಲು ಉಕ್ಕಿಸಿದ್ದೇನೋ! ಒಲೆ ಒರೆಸುವವಳು ಅಮ್ಮ. ಒರೆಸುತ್ತ, "ಚೆಲ್ಲಿದ್ದು ವಾಪಸ್ ಪಾತ್ರೆಗೆ ಯಾಕೆ ಹೋಗಲ್ಲ, ಅದನ್ನೂ ಹೇಳು" ಎನ್ನುತ್ತಾಳೆ. ನಾನು ಅದನ್ನೂ ಹೇಳುತ್ತೇನೆ.

ಹಾಗೆಂದು ಡಿಗ್ರಿಯನ್ನು ನಾನು ದಾರಿಯಲ್ಲಿ ಹೆಕ್ಕಿಕೊಂಡವಳಲ್ಲ. ಮೂಡಿಗೆರೆ ಕಡೆಯ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ ಹುಟ್ಟಿ, ಅಮ್ಮ ಕಾಫಿ ಕೊಯ್ದು ಓದಿಸಿ, ಮೂರು ವರ್ಷವೂ ಬಸ್ಸಿನಲ್ಲಿ ನಿಂತೇ ಕಾಲೇಜಿಗೆ ಹೋಗಿ, ಭೂವಿಜ್ಞಾನದಲ್ಲಿ ಬಿಎಸ್ಸಿ ಮಾಡಿದವಳು. ಈಗ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಇಷ್ಟಾದರೂ ಒಂದು ಕೊರಗು. ಮಗಳು ಎಂತ ಓದಿದ್ದಾಳೆ ಎಂದು ಯಾರಾದರೂ ಕೇಳಿದರೆ ಅಮ್ಮ ಅತ್ತಿತ್ತ ನೋಡಿ, "ಕಲ್ಲು" ಎನ್ನುತ್ತಾಳೆ. ಪಕ್ಕದ ಮನೆಯ ಹುಡುಗಿ ನರ್ಸಿಂಗ್ ಓದಿದ್ದಾಳೆ; ಅವಳು ಮಾಡುವುದೇನೆಂದು ಎಲ್ಲರಿಗೂ ಗೊತ್ತು. ಕಲ್ಲನ್ನು ಓದಿದವಳು ಮಾಡುವುದೇನು? ಒಂದೇ ಒಂದು ಸಲ ಅಮ್ಮನನ್ನು ಬಂಡೆಯ ಮುಂದೆ ನಿಲ್ಲಿಸಿ, 'ನೋಡು, ನಿನ್ನ ಬೆವರಲ್ಲಿ ನಾನು ಓದಿದ್ದು ಇದನ್ನು' ಎಂದು ತೋರಿಸಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು.

ಅದಕ್ಕೆಂದೇ ಏಪ್ರಿಲಿನ ಒಂದು ಭಾನುವಾರ ಜೀಪು ಗೊತ್ತುಮಾಡಿದೆ. ಕಳಸದ ಹತ್ತಿರ ಭದ್ರೆ ಕರಿಬಂಡೆಗಳನ್ನು ಸೀಳಿಕೊಂಡು ನುಗ್ಗುವ ಒಂದು ಕೊರಕಲಿದೆ. ಬೇಸಿಗೆಯಲ್ಲಿ ನೀರಿಳಿದು ಬಂಡೆಯ ಹೊಟ್ಟೆಯೆಲ್ಲ ಕಾಣುತ್ತದೆ. ಅಮ್ಮ ಒಬ್ಬಳೇ ಬರಲು ಒಪ್ಪಲಿಲ್ಲ. ಮೂವತ್ತು ವರ್ಷ ಅವಳ ಪಕ್ಕದ ಸಾಲಿನಲ್ಲೇ ಕಾಫಿ ಕೊಯ್ದ ಗಿರಿಜಕ್ಕನೂ ಅದೇ ಗುಂಪಿನ ಇನ್ನೈದು ಹೆಂಗಸರೂ ಜೀಪು ಹತ್ತಿದರು. "ಹೊಳೆ ನೋಡೋಕೆ ಅಷ್ಟು ದೂರ ಎಂತಕ್ಕೆ ಮಾರಾಯ್ತಿ? ನಮ್ಮ ತೋಟದ ಕೆಳಗೆ ಹರಿಯೋದು ಎಂತ, ಮಜ್ಜಿಗೆಯಾ?" ಎಂದರು ಗಿರಿಜಕ್ಕ. ಕೊನೆಗೆ, ಮೊದಲು ಕೊರಕಲು, ಆಮೇಲೆ ಹೊರನಾಡಿನಲ್ಲಿ ದರ್ಶನ ಮತ್ತು ಊಟ ಎಂದು ರಾಜಿಯಾಯಿತು. ಊಟದ ಮಾತು ಬಂದಮೇಲೆ ಹೊಳೆಯ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ.

ನಾವು ಮುಟ್ಟಿದಾಗ ಬಂಡೆ ರೊಟ್ಟಿ ಕಾವಲಿಯಂತೆ ಕಾದಿತ್ತು. ತಲೆಗೆ ಟವೆಲು ಸುತ್ತಿಕೊಂಡ ಏಳು ಜನ, ತೋಟದಲ್ಲಿ ಇಳಿದಂತೆ ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಇಳಿದರು. ಒಬ್ಬರ ದಾರಿಗೆ ಇನ್ನೊಬ್ಬರು ಕಾಲಿಡಲಿಲ್ಲ. ನೆರಳಿದ್ದ ಕಡೆ ಕೂರಿಸಿ ನಾನು ಎದುರು ನಿಂತೆ. ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಪಾಠ. "ಕೋಟ್ಯಂತರ ವರ್ಷಗಳ ಹಿಂದೆ..." ಎಂದು ಶುರುಮಾಡಿ ಒಂದು ಕೋಟಿ ದಾಟುವಷ್ಟರಲ್ಲಿ ಇಬ್ಬರಿಗೆ ನಿದ್ದೆ ಹತ್ತಿತ್ತು, ಉಳಿದವರು ತೂಕಡಿಸುತ್ತಿದ್ದರು. ಅಮ್ಮ ಮಾತ್ರ ಕಣ್ಣು ಬಿಟ್ಟುಕೊಂಡಿದ್ದಳು. ಬಂಡೆಯಲ್ಲಿದ್ದ ದುಂಡನೆಯ ಗುಂಡಿಗಳನ್ನು ತೋರಿಸಿ, ಸುಳಿಗೆ ಸಿಕ್ಕ ಕಲ್ಲು ಗಿರಗಿರ ತಿರುಗಿ ಬಂಡೆಯನ್ನು ಸವೆಸುವ ವಿಧಾನವನ್ನು ವಿವರಿಸಿದೆ. ಅಮ್ಮ ಒಂದು ಗುಂಡಿಗೆ ಕೈಹಾಕಿ, ತಳ ಸವರಿ, ನುಣ್ಣನೆಯ ಕಲ್ಲೊಂದನ್ನು ಎತ್ತಿದಳು.

"ಇದು ಒರಳು. ಇದು ಗುಂಡು. ಹೊಳೆ ಅರೀತಾ ಇದೆ. ಇಷ್ಟಕ್ಕೆ ಮೂರು ವರ್ಷ ಬೇಕಾಯ್ತೇನೇ?"

ಯಾವ ಲೆಕ್ಚರರೂ ನನಗೆ ಇಷ್ಟು ಸಸಾರವಾಗಿ ಹೇಳಿರಲಿಲ್ಲ ಎಂಬುದು ಬೇರೆ ಮಾತು. ಮುಖ ಸಣ್ಣದು ಮಾಡಿಕೊಂಡೇ ಪಾಠ ಮುಂದುವರಿಸಿದೆ.

ಅಷ್ಟರಲ್ಲಿ ಗಿರಿಜಕ್ಕ ಸೀರೆ ಎತ್ತಿ ಕಟ್ಟಿ, ನೀರು ಇಕ್ಕಟ್ಟಾಗಿ ನುಗ್ಗುವ ಕಡೆಗೇ ಹೊರಟಿದ್ದರು. ಆ ಸದ್ದಿನಲ್ಲಿ ಕೂಗಿದರೆ ಕೇಳುವುದುಂಟೆ? ಸ್ಕೂಲಿನಿಂದ ತಂದಿದ್ದ ಸೀಟಿಯನ್ನು ಇದ್ದ ಉಸಿರನ್ನೆಲ್ಲ ಹಾಕಿ ಊದಿದೆ. ಗಿರಿಜಕ್ಕ ನಿಂತರು. ಮಲಗಿದ್ದವರು ಎದ್ದರು. ಎಲ್ಲರೂ ಟವೆಲು ಕೊಡವಿ, ಚೀಲ ಹೆಗಲಿಗೇರಿಸಿ, ದಿಬ್ಬ ಹತ್ತತೊಡಗಿದರು. ಅಮ್ಮನೂ! ನಮ್ಮ ಎಸ್ಟೇಟಿನಲ್ಲಿ ಮೇಸ್ತ್ರಿ ಸೀಟಿ ಊದಿದರೆಂದರೆ ಆ ದಿನದ ಕೆಲಸ ಮುಗಿಯಿತು. ಆ ಸೀಟಿ ಕೇಳಿಕೊಂಡೇ ಬೆಳೆದ ನನಗಾದರೂ ಅದು ನೆನಪಾಗಬೇಕಿತ್ತು.

ಓಡಿಹೋಗಿ ಅಡ್ಡ ನಿಂತು, "ಇನ್ನೂ ಪಾಠ ಮುಗಿದಿಲ್ಲ" ಎಂದೆ.

"ಸೀಟಿ ಹೊಡೆದ ಮೇಲೆ ಒಂದು ಹಣ್ಣೂ ಕೊಯ್ಯೋರಲ್ಲ ನಾವು. ಸಾಹುಕಾರ್ರೇ ಬಂದು ಕೇಳಿದ್ರೂ ಕೊಯ್ದಿಲ್ಲ. ಉಳಿದ ಪಾಠ ನಾಳೆಗಿಡು ಟೀಚರಮ್ಮ" ಎಂದು ಗಿರಿಜಕ್ಕ ನನ್ನನ್ನು ಬಳಸಿ ಮುಂದೆ ನಡೆದರು.

ಅದೃಷ್ಟಕ್ಕೆ ಡ್ರೈವರ್ ಜೀಪಿಗೆ ಬೀಗ ಹಾಕಿ ಚಹಾ ಕುಡಿಯಲು ಹೋಗಿದ್ದ. ಸುಡುವ ಜೀಪನ್ನು ಮುಟ್ಟಿ, ಕೈ ಒದರಿ, ಹೋದಷ್ಟೇ ಶಿಸ್ತಿನಿಂದ ಎಲ್ಲರೂ ಇಳಿದು ಬಂದರು. ಬಂದವರು ನನ್ನ ಕಡೆ ನೋಡಲೂ ಇಲ್ಲ. ದಂಡೆಯಲ್ಲಿ ಮೊಣಕಾಲುದ್ದ ನೀರಿತ್ತು. ಅಲ್ಲಿ ಕಾಲು ಇಳಿಬಿಟ್ಟು ಕೂತರು. ಗಿರಿಜಕ್ಕ ಒಂದು ಬೊಗಸೆ ನೀರು ಎರಚಿದ್ದೇ ತಡ, ಅಮ್ಮ ಎರಡು ಬೊಗಸೆ ಎರಚಿದಳು. "ಮುದುಕಿ, ನೆಗಡಿಯಾಗುತ್ತೆ ಕಣೇ!" "ನೀನ್ಯಾವ ಕಾಲೇಜು ಹುಡುಗಿ?" ಬಂಡೆಗಳೆಲ್ಲ ನಕ್ಕಂತೆ ಪ್ರತಿಧ್ವನಿ. ಅಮ್ಮ ಏನೂ ಕೆಲಸ ಮಾಡದೆ ಕೂತದ್ದನ್ನು ನಾನು ನೋಡಿದ್ದೇ ಅಪರೂಪ. ಖುಷಿಯಾಯಿತು. ಆದರೆ ನನ್ನ ಪಾಠ ಹೊಳೆಯಲ್ಲಿ ಹೋಯಿತಲ್ಲ ಎಂದು, ತುಸು ಆಚೆಯ ಬಂಡೆಯ ಮೇಲೆ ಕೂತು ಕಾಲು ಸುಟ್ಟುಕೊಂಡೆ.

ಆಗ ಕಾಲೇಜಿನ ಹತ್ತಿಪ್ಪತ್ತು ಮಕ್ಕಳು ತಮ್ಮ ಮೇಷ್ಟರ ಜೊತೆ ಬಂದರು. ಒಬ್ಬ ಹುಡುಗಿ ಅಮ್ಮನನ್ನು ಕೇಳಿದಳು: "ಅಜ್ಜೀ, ಈ ಗುಂಡಿಗಳನ್ನ ಯಾರು ಕೊರೆದದ್ದು?"

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಗುಂಡಿಯಲ್ಲಿ ಕಲ್ಲಿಟ್ಟು ತಿರುಗಿಸಿದಳು. "ನೀರಿಗೆ ಹಲ್ಲಿಲ್ಲ ಮಗಾ. ಅದು ಕಲ್ಲನ್ನ ಕಲ್ಲಿಂದಲೇ ಅರೆಸುತ್ತೆ. ಸುಳಿ ಎಲ್ಲಿ ನಿಲ್ಲುತ್ತೋ ಅಲ್ಲಿ ಒರಳು. ಎರಡು ಒರಳು ಕೂಡಿದ್ರೆ ದಾರಿ, ದಾರಿ ಆಳವಾದ್ರೆ ಈ ಕೊರಕಲು. ಕೋಟಿ ವರ್ಷದ ಕೆಲಸ, ಅವಸರ ಮಾಡಿದ್ರೆ ಆಗಲ್ಲ."

ಒರಳುಗಳು ಕೂಡಿ ದಾರಿಯಾಗುವುದು ನನ್ನ ಪಾಠದ ನಡುವಿನ ಭಾಗ. ಎಲ್ಲರೂ ತೂಕಡಿಸುವಾಗ ನಾನು ಗೋಡೆಗೆ ಹೇಳಿದಂತೆ ಹೇಳಿದ್ದು. ಮಕ್ಕಳು ನೋಟ್‌ಬುಕ್ ತೆಗೆದು ಅಮ್ಮನ ಸುತ್ತ ಕೂತರು. ಮೇಷ್ಟ್ರು ಕೈಮುಗಿದು, "ಇದೆಲ್ಲ ಎಲ್ಲಿ ಕಲಿತ್ರಿ ಅಮ್ಮಾ?" ಎಂದರು.

ಅಮ್ಮ ಹೊಳೆಯ ಸದ್ದನ್ನೂ ಮೀರಿಸಿ ಹೇಳಿದಳು: "ಕಲಿಯೋದೆಂತ? ನಾನು ಕಲ್ಲಿನ ಬಿಎಸ್ಸಿ ಮಾಡ್ಸಿದೋಳು!"

ನಾನು ಅಲ್ಲಿಗೆ ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ಕಾಯಿಲೆ ಬಿಡಬೇಕಲ್ಲ? ಎದ್ದು ಹೋಗಿ, "ಅಮ್ಮಾ, ಕೋಟಿ ವರ್ಷ ಬಂಡೆಗೆ. ಗುಂಡಿಗೆ ಅಷ್ಟೆಲ್ಲ ಆಗಿರಲ್ಲ..." ಎಂದೆ.

"ಮಧ್ಯೆ ಬಾಯಿ ಹಾಕ್ಬೇಡ. ಕೂತ್ಕೋ."

ಕೂತೆ. ಪಕ್ಕದ ಹುಡುಗಿ ಪಾಪ, ಸರಿದು ಜಾಗ ಕೊಟ್ಟು, ಒಂದು ಹಾಳೆ ಹರಿದು ಪೆನ್ನಿನ ಜೊತೆ ನನ್ನ ಕೈಗಿಟ್ಟಳು. "ಬರ್ಕೊಳ್ಳಿ ಆಂಟಿ," ಎಂದು ಪಿಸುಗುಟ್ಟಿದಳು, "ಪರೀಕ್ಷೆಗೆ ಬಂದ್ರೂ ಬರಬಹುದು."

ಬರೆದುಕೊಂಡೆ.